ಕೆಂಪು ಕೋಟಿನೊಳಗಿನ ಉಸಿರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಇರಲಿ ಬಿಡಿ, ಸಿಟ್ಟು ಬಾರದವರೆಲ್ಲ ದೇವರೇನೂ ಅಲ್ಲ. ಆದರೆ ಈ ಒಂದು ಸಿಟ್ಟು ಮಾತ್ರ ಹೈಸ್ಕೂಲಿನ ಕಾಲದಿಂದ ನನ್ನ ಜೊತೆಗೇ ಬೆಳೆದು ಮುದುಕಿಯಾಗಿದೆ. ಮೊದಲು ಅದು ಅಣ್ಣನ ಮೇಲಿತ್ತು. ಈಗ ಯಾರ ಮೇಲೆ ಎಂದು ಕೇಳಿದರೆ ಹೇಳುವುದು ಕಷ್ಟ.

ನಾನು ಹುಡುಗಿಯಾಗಿದ್ದಾಗ ಆಂಧ್ರದ ಗಡಿಯ ನಮ್ಮ ಆದವಾನಿಯಲ್ಲಿ ಲಗ್ನದ ಮೆರವಣಿಗೆ ಎಂದರೆ ಎರಡೇ ಬ್ಯಾಂಡು. ಒಂದು ಕೆಂಪು ಕೋಟಿನವರದು, ಇನ್ನೊಂದು ನೀಲಿ ಕೋಟಿನವರದು. ಎರಡಕ್ಕೂ ಬೋರ್ಡಿನ ಮೇಲೆ ಬೇರೆ ಹೆಸರಿತ್ತು, ಯಾರೂ ಅದನ್ನು ಹೇಳುತ್ತಿರಲಿಲ್ಲ. “ಕೆಂಪಿನೋರಿಗೆ ಹೇಳೀರೋ, ನೀಲಿಯೋರಿಗೆ ಹೇಳೀರೋ?” ಎಂದೇ ಬೀಗರು ಕೇಳುತ್ತಿದ್ದರು. ಡ್ರಮ್ಮು, ತುತ್ತೂರಿ ಎಲ್ಲ ಇದ್ದರೂ ಬ್ಯಾಂಡಿನ ಜೀವ ಮುಂದೆ ನಡೆಯುವ ಕ್ಲಾರಿನೆಟ್ಟಿನವನಲ್ಲಿತ್ತು. ಎರಡೂ ಕಡೆಯ ಕ್ಲಾರಿನೆಟ್ಟಿನವರು ಹಗಲು ಒಂದೇ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಹೊರುತ್ತಿದ್ದರು. ಸಂಜೆ ತಲೆಗೆ ಅಂಟಿದ ಹತ್ತಿ ಕೊಡವಿಕೊಂಡು, ಜರಿಯಂಚಿನ ಕೋಟು ತೊಟ್ಟು, ಹುಬ್ಬಿನ ತನಕ ಇಳಿಯುವ ಟೊಪ್ಪಿಗೆ ಹಾಕಿ ನಿಂತರೆ ನಮಗೆ ಅವರು ಕೂಲಿಯವರು ಎಂಬುದೇ ಮರೆತುಹೋಗುತ್ತಿತ್ತು.

ನಾನು ಕೆಂಪಿನ ಕಡೆ. ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣ ನೀಲಿಯ ಕಡೆ. ಅವನು ಅದೇ ಮಿಲ್ಲಿನಲ್ಲಿ ಹತ್ತಿ ತೂಗುವ ಕೆಲಸಕ್ಕಿದ್ದ. ಊಟಕ್ಕೆ ಕೂತರೆ ಸಾಕು, ಯಾರ ಉಸಿರು ಉದ್ದ, ಯಾರ ಸ್ವರ ಸಿಹಿ ಎಂದು ನಮ್ಮ ಜಗಳ ಶುರು. ಅಪ್ಪ ಅನ್ನ ಕಲಸುವುದು ಬಿಟ್ಟು, “ಇವೆರಡಕ್ಕೂ ಅದೇ ಬ್ಯಾಂಡಿನೋರು ಹೊಟ್ಟಿಗೆ ಹಾಕ್ತಾರೇನು?” ಎಂದು ಗದರುತ್ತಿದ್ದರು. ನನ್ನ ಮಗಳು ಈಗ ಹೇಳುತ್ತಾಳೆ, ವಿಲಾಯಿತಿಯ ಹಳೆಯ ರಾಕ್ ಬ್ಯಾಂಡುಗಳ ಅಭಿಮಾನಿಗಳೂ ಫೋನಿನಲ್ಲಿ ಹಗಲೆಲ್ಲ ಹೀಗೇ ಕಚ್ಚಾಡುತ್ತಾರಂತೆ. ಕಚ್ಚಾಡಲಿ. ಅವರ ಬ್ಯಾಂಡುಗಳು ಒಂದೇ ಓಣಿಯಲ್ಲಿ ಎದುರುಬದುರು ಬರುತ್ತಿರಲಿಲ್ಲ.

ನಮ್ಮಲ್ಲಿ ಬರುತ್ತಿದ್ದವು. ಬಂದಾಗ ಒಂದು ಪದ್ಧತಿಯಿತ್ತು. ಎರಡು ಮೆರವಣಿಗೆ ಎದುರಾದರೆ ಯಾರೂ ದಾರಿ ಬಿಡುವಂತಿಲ್ಲ, ಬಾರಿಸುವುದನ್ನೂ ನಿಲ್ಲಿಸುವಂತಿಲ್ಲ. ಕ್ಲಾರಿನೆಟ್ಟಿನವರಿಬ್ಬರೂ ಮುಖಾಮುಖಿ ನಿಂತು ಊದಬೇಕು. ಯಾರ ಉಸಿರು ಮೊದಲು ಮುರಿಯಿತೋ ಅವನ ಕಡೆಯವರು ಮದುಮಗನ ಕುದುರೆಯನ್ನು ಪಕ್ಕಕ್ಕೆ ಎಳೆದು ದಾರಿ ಬಿಡಬೇಕು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ದೀಪ ಹಚ್ಚುವ ಹೊತ್ತಿಗೆ, ಮಾರ್ಕೆಟ್ಟಿನ ಕೂಡುರಸ್ತೆಯಲ್ಲಿ ಅಂಥದ್ದೊಂದು ಆಯಿತು. ಪಕ್ಕದ ಮನೆಯ ಲಗ್ನ, ನಾನು ಕೆಂಪು ಬ್ಯಾಂಡಿನ ಹಿಂದೆ ನಡೆಯುತ್ತಿದ್ದೆ. ಎದುರಿಗೆ ನೀಲಿಯವರು ಬಂದರು. ನೋಡಿದರೆ ಅವರ ದೊಡ್ಡ ಕ್ಲಾರಿನೆಟ್ಟಿನವನೇ ಇಲ್ಲ! ಹೆಂಡತಿಗೆ ಆರಾಮಿಲ್ಲ ಎಂದು ಹೇಳಿ ತನ್ನ ಶಿಷ್ಯನನ್ನು ಕಳಿಸಿದ್ದಾನೆ ಎಂದು ಜನ ಮಾತಾಡಿಕೊಂಡರು. ನಮ್ಮ ಕೆಂಪಿನವನು ಊದಿದ ನೋಡಿ, ಗ್ಯಾಸ್‌ಲೈಟು ಹೊತ್ತವರು ಕೂಡ ತಲೆಯ ಭಾರ ಮರೆತರು. ಶಿಷ್ಯ ಪಾಪ ಕಣ್ಣು ಕೆಂಪು ಮಾಡಿಕೊಂಡು ಊದಿದ, ಕಡೆಗೆ ಕೆಮ್ಮಿ ನಿಲ್ಲಿಸಿದ. ನೀಲಿಯವರು ಕುದುರೆ ಎಳೆದರು. ನಾನು ಓಣಿಯ ಮಧ್ಯೆ ನಿಂತು ಶಿಳ್ಳೆ ಹೊಡೆದೆ, ಅದಕ್ಕೆ ಅವ್ವನಿಂದ ಏಟೂ ತಿಂದೆ.

ಮರುದಿನವೇ ನಾನೊಂದು ಮಾತು ಕಟ್ಟಿದೆ. “ನೀಲಿಯವ ಸೋಲ್ತೀನಂತ ಹೆದರಿ ಹೆಂಡತಿ ಸೆರಗಿನಾಗ ಅಡಗಿದ.” ಸ್ಕೂಲಿನಲ್ಲಿ ಹೇಳಿದೆ, ನೀರಿನ ನಲ್ಲಿಯ ಹತ್ತಿರ ಹೇಳಿದೆ. ಒಂದು ವಾರದಲ್ಲಿ ಊರೆಲ್ಲ ಅದನ್ನೇ ಹೇಳುತ್ತಿತ್ತು, ತೆಲುಗಿನಲ್ಲೂ ಹೇಳುತ್ತಿತ್ತು. ಅಣ್ಣನಿಗೆ ಹೇಳಿದಾಗ ಅವನ ಮುಖ ಕಪ್ಪಿಟ್ಟಿತು. “ನೀ ಅವತ್ತು ಅಲ್ಲಿ ಇದ್ದೇನು? ಇರಲಿಲ್ಲ. ಮತ್ತ್ಯಾಕ ಮಾತಾಡ್ತಿ?” ಎಂದೆ. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ವರ್ಷಗಳು ಹೋದವು. ಬ್ಯಾಂಡುಗಳೂ ಹೋದವು, ಮಾಲೀಕರ ಮೊಮ್ಮಕ್ಕಳು ಈಗ ಡಿಜೆ ಗಾಡಿ ಓಡಿಸುತ್ತಾರೆ. ನೀಲಿಯವನು ಸತ್ತ. ಕೆಂಪಿನವನು ಕೋಸಗಿಯಲ್ಲಿ ಮಗಳ ಮನೆ ಸೇರಿದ. ಆದರೆ ವಾದ ಮಾತ್ರ ಸಾಯಲಿಲ್ಲ. ನಮ್ಮ ವಯಸ್ಸಿನವರೆಲ್ಲ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಕೆಂಪು-ನೀಲಿ, ಸಂಜೆಯಾದರೆ ನೀಲಿ-ಕೆಂಪು. ನಾನು ಆ ಗುಂಪಿನ ಪಟ್ಟದರಾಣಿ. ಅಣ್ಣನೂ ಅದರಲ್ಲಿದ್ದ, ಓದುತ್ತಿದ್ದನೇ ಹೊರತು ಬರೆಯುತ್ತಿರಲಿಲ್ಲ. ಯಾರೇ ನೀಲಿಯ ಪರ ಬರೆಯಲಿ, ನನ್ನ ಸೆರಗಿನ ಮಾತನ್ನು ಒಗೆದು ಬಾಯಿ ಮುಚ್ಚಿಸುತ್ತಿದ್ದೆ.

ಎರಡು ವರ್ಷದ ಹಿಂದೆ ಮಗಳ ಲಗ್ನ ಗೊತ್ತಾಯಿತು. ಬೀಗರು ಪೆದ್ದಕಡುಬೂರಿನವರು. ಮಾತುಕತೆಗೆ ಬಂದ ದಿನ ಅಣ್ಣನೂ ಬಂದಿದ್ದ. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರುವವನು ಸೋದರಮಾವ. ನನಗಿರುವುದು ಒಬ್ಬನೇ ಅಣ್ಣ, ಮಗಳಿಗೆ ಒಬ್ಬನೇ ಮಾವ. ಊಟದ ನಡುವೆ ಬೀಗರಲ್ಲೊಬ್ಬರು, “ನಿಮ್ಮೂರಾಗ ಮೊದಲ ಎಂಥಾ ಬ್ಯಾಂಡ್ ಇದ್ದವ್ರಿ! ಈಗೇನೈತಿ, ಬರೇ ಡಬಡಬ” ಎಂದರು. ಅಷ್ಟು ಸಾಕಾಯಿತು. ಅಣ್ಣ ಮೆತ್ತಗೆ, “ನೀಲಿಯವನಂಥ ಉಸಿರು ಇನ್ನ ಹುಟ್ಟಂಗಿಲ್ಲ ಬಿಡ್ರಿ” ಎಂದ. ನಾನು ಬಡಿಸುತ್ತಿದ್ದ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ನಗುತ್ತ ಇಡೀ ಕಥೆ ಹೇಳಿದೆ, ಸೆರಗಿನ ಮಾತನ್ನೂ ಹೇಳಿದೆ. ಬೀಗರು ಹೊಟ್ಟೆ ಹಿಡಿದು ನಕ್ಕರು.

ಅಣ್ಣ ತಾಟಿನಿಂದ ಎದ್ದ. ರೊಟ್ಟಿ ಅರ್ಧ ಹಾಗೇ ಉಳಿದಿತ್ತು. ಕೈ ತೊಳೆದುಕೊಂಡು ಬಾಗಿಲಲ್ಲಿ ನಿಂತು, “ಈ ಲಗ್ನಕ್ಕ ನಾ ಬರಂಗಿಲ್ಲ” ಎಂದು ಹೇಳಿ ಹೋದ. ಬೀಗರ ಎದುರಿಗೆ! ನನಗೆ ಮೈಯೆಲ್ಲ ಉರಿಯಿತು. ಸತ್ತವನೊಬ್ಬನ ಕ್ಲಾರಿನೆಟ್ಟಿಗಾಗಿ ಹೊಟ್ಟೆಯಲ್ಲಿ ಹುಟ್ಟಿದ ಮಗಳಂತೆ ಆಡಿಸಿದ ಹುಡುಗಿಯ ಕೈ ಬಿಡುತ್ತಾನೆ ಎಂದರೆ ಅವನು ಮನುಷ್ಯನೇ? ನನ್ನ ಗಂಡ, “ಸಿಟ್ಟಿನಾಗ ಕೊಯ್ದ ಮೂಗು ಶಾಂತ ಆದಮ್ಯಾಲ ಬರಂಗಿಲ್ಲ, ಹೋಗಿ ತಪ್ಪಾತು ಅನ್ನು” ಎಂದರು. ತಪ್ಪೇ? ನನ್ನದೇ? ಎಂಟು ದಿನ ಫೋನು ಮಾಡಿದೆವು, ಅವನು ಎತ್ತಲಿಲ್ಲ. ಮಗಳು ಅಳುತ್ತ ಕೂತಳು. ಒಂಬತ್ತನೇ ದಿನ ನನಗೊಂದು ಯೋಚನೆ ಹೊಳೆಯಿತು. ಕೋಸಗಿಗೆ ಹೋಗಿ ಕೆಂಪಿನವನ ಬಾಯಿಂದಲೇ ಅವತ್ತಿನ ಸಂಗತಿ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಅಣ್ಣನ ಮುಖಕ್ಕೆ ಹಿಡಿಯುವುದು. ಸೋತೆ ಎಂದು ಒಪ್ಪಿಕೊಂಡು ಬರಲಿ ಲಗ್ನಕ್ಕೆ!

ಬೆಳಗಿನ ರೈಲಿಗೆ ಹೋದೆ. ಅವನ ಮಗಳೂ ಅಳಿಯನೂ ಕೂಲಿಗೆಂದು ಗುಂಟೂರಿನ ಕಡೆ ಹೋಗಿದ್ದರು, ಮುದುಕ ಒಬ್ಬನೇ ಗೋಡೆಗೆ ಒರಗಿ ಕೂತಿದ್ದ. ಉಸಿರಾಡಿದರೆ ಎದೆ ಸೀಟಿ ಹೊಡೆಯುತ್ತಿತ್ತು. ಮಿಲ್ಲಿನ ಹತ್ತಿ ಎಲ್ಲ ಅಲ್ಲೇ ಕೂತಿದೆ ಎಂದು ಅವನೇ ಹೇಳಿದ. ನಾನು ಕಾಲು ಮುಟ್ಟಿ, ಯಾರ ಮಗಳು ಎಂದು ಹೇಳಿ, ಫೋನು ತೆಗೆದು ಮುಂದಿಟ್ಟೆ. “ಕೂಡುರಸ್ತೆದಾಗ ನೀಲಿಯವರನ್ನ ಸೋಲಿಸಿದ್ದು ಹೇಳ್ರಿ” ಎಂದೆ.

ಅವನು ಫೋನನ್ನು ನನ್ನ ಕಡೆಗೆ ತಳ್ಳಿದ. “ಅದನ್ನ ಬಂದ್ ಮಾಡವ್ವಾ” ಎಂದ. ಮಾಡಿದೆ.

“ಅವತ್ತು ನಾ ಅಲ್ಲಿ ಇದ್ದಿಲ್ಲ.”

ವಯಸ್ಸಾಗಿ ಮರೆತಿದ್ದಾನೆ ಎಂದುಕೊಂಡೆ. ಅವನು ಉಸಿರು ತೆಗೆದುಕೊಂಡು, ನಿಲ್ಲಿಸಿ, ಮತ್ತೆ ತೆಗೆದುಕೊಂಡು ಹೇಳಿದ. “ಮೂರು ದಿನದಿಂದ ಜ್ವರ, ಕೆಮ್ಮಿದ್ರ ನೆತ್ತರು. ಒಂದು ಮೆರವಣಿಗಿ ತಪ್ಪಿಸಿದ್ರ ಮಾಲೀಕ ಕ್ಲಾರಿನೆಟ್ ಬಾಜಾ ಕಸ್ಕೊಂಡು ಬ್ಯಾರೇದವಂಗೆ ಕೊಡ್ತಿದ್ದ. ಬಾಜಾ ಅವಂದಲ್ಲೇನವ್ವಾ. ಆಗ ನೀಲಿಯವ ಹೇಳಿದ, ನಿನ್ನ ಕೋಟು ಕೊಡು, ನಾ ಹೋಗ್ತೀನಿ ಅಂತ. ತನ್ನ ಮಾಲೀಕಗ ಹೆಂಡತಿಗೆ ಆರಾಮಿಲ್ಲ ಅಂದ. ನಾವು ಎಷ್ಟೋ ಸಲ ಹಂಗ ಮಾಡೀವಿ, ಅವನ ಕೋಟಿನಾಗ ನಾ, ನನ್ನ ಕೋಟಿನಾಗ ಅವ. ಮಾಲೀಕರು ಅಂಗಡಿ ಬಿಟ್ಟು ಬರ್ತಿದ್ದಿಲ್ಲ. ಎದುರಿಗೆ ಅವನ ಬ್ಯಾಂಡೇ ಬರ್ತೈತಂತ ಯಾರಿಗೆ ಗೊತ್ತಿತ್ತು? ಸೋತ್ರ ನನ್ನ ಕೆಲಸ ಹೋಗ್ತೈತಿ. ಅದಕ್ಕ ತನ್ನ ಶಿಷ್ಯನ್ನೇ ಸೋಲಿಸಿ ಬಂದ.”

“ಯಾರಿಗೂ ಗೊತ್ತಾಗಲಿಲ್ಲೇನು?”

“ಬಾರಿಸೋ ಮಂದಿಗೆಲ್ಲ ಗೊತ್ತು. ನಿಮ್ಮಂಥೋರು ಕೋಟು ನೋಡ್ತಿದ್ರಿ.”

ನಾನು ಫೋನನ್ನು ಚೀಲಕ್ಕೆ ಹಾಕಿದೆ. ಅವನು ಮುಂದುವರಿಸಿದ. “ನಿಮ್ಮಣ್ಣಗ ಗೊತ್ತಲ್ಲ. ಕೋಟು ಒಯ್ದು ಕೊಟ್ಟವನೇ ಅವ. ಆಮ್ಯಾಲ ರಾತ್ರಿತನಕ ನನ್ನ ತಲಿಗೆ ತಣ್ಣೀರ ಬಟ್ಟಿ ಹಾಕ್ಕೋತ ಕುಂತಿದ್ದ. ನಾ ಇರೋತನಕ ಹೇಳಬ್ಯಾಡ ಅಂತ ಆಣಿ ಹಾಕ್ಸಿನಿ. ನೀನೂ ಹೇಳಬ್ಯಾಡವ್ವಾ. ಊರಾಗ ನನಗ ಉಳಿದಿದ್ದು ಆ ಹೆಸರೊಂದೇ.”

ರೈಲಿನಲ್ಲಿ ವಾಪಸ್ಸು ಬರುವಾಗ ನನಗೆ ಅಳು ಬರಲಿಲ್ಲ, ಸಿಟ್ಟೇ ಬಂತು. ಇಷ್ಟು ವರ್ಷ ನನ್ನನ್ನು ಹುಚ್ಚಿ ಮಾಡಿದರಲ್ಲ! ಸ್ಟೇಷನ್ನಿನಿಂದ ನೆಟ್ಟಗೆ ಅಣ್ಣನ ಮನೆಗೆ ಹೋದೆ. ಅವನು ಮಂಚದ ಮೇಲೆ ಕೂತು ಪೇಪರ್ ಓದುತ್ತಿದ್ದ. “ನನಗೊಬ್ಬಾಕಿಗೆ ಹೇಳಿದ್ರ ಏನಾಗ್ತಿತ್ತೋ ನಿನಗ?” ಎಂದು ಕೂಗಿದೆ. ಎಲ್ಲಿಗೆ ಹೋಗಿ ಬಂದಿದ್ದೇನೆ ಎಂದು ಅವನಿಗೆ ತಿಳಿಯಿತು. ಪೇಪರ್ ಮಡಚಿದ.

“ನೀಲಿಯವನ ಹೆಣಕ್ಕ ನಾನೂ ಹೆಗಲು ಕೊಟ್ಟಿದ್ದೆ. ಮೂಲಿಮ್ಯಾಲ ಇಬ್ಬರು ನಿಂತು ನಿನ್ನ ಸೆರಗಿನ ಮಾತು ಹೇಳಿ ನಕ್ಕರು. ಹಿಂದ ಅವನ ಹೆಂಡತಿ ಬರ್ತಿದ್ಲು. ಆಗೂ ನಾ ಬಾಯಿ ಬಿಟ್ಟಿಲ್ಲ. ನಿನ್ನ ಮುಂದ ಬಿಡ್ತೀನೇನು?”

ತಪ್ಪಾತು ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. “ಲಗ್ನಕ್ಕ ಬರ್ತಿಯೋ ಇಲ್ಲೋ?”

“ಬರ್ತೀನಿ. ಹುಡುಗಿ ಏನು ಮಾಡ್ಯಾಳ ಪಾಪ. ನಿನ್ನ ಜೊತಿ ಮಾತ್ರ ಮಾತು ಮುಗೀತು.”

ಬಂದ. ಸೋದರಸೊಸೆಯ ಕೈಹಿಡಿದು ಹಂದರಕ್ಕೆ ಕರೆತಂದ, ಬೀಗರ ಜೊತೆ ನಗುತ್ತ ಮಾತಾಡಿದ, ಉಂಡ, ಹೋದ. ನನ್ನ ಕಡೆ ತಿರುಗಲಿಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸಿದರೆ ಡಬ್ಬಿ ತೊಳೆದು ಆಟೋದವನ ಕೈಯಲ್ಲಿ ವಾಪಸ್ಸು ಕಳಿಸಿದ. ಗುಂಪಿನಲ್ಲಿ ನಾನು ಬರೆಯುವುದನ್ನು ಬಿಟ್ಟೆ. ಬೇರೆಯವರು ಸೆರಗಿನ ಮಾತು ಬರೆದಾಗ ಫೋನನ್ನು ಗೋಡೆಗೆ ಒಗೆಯಬೇಕೆನಿಸುತ್ತಿತ್ತು.

ಮೊನ್ನೆ ಬೇಸಿಗೆಯಲ್ಲಿ ಕೋಸಗಿಯ ಮುದುಕ ತೀರಿಹೋದ. ಆಣೆ ಮುಗಿಯಿತು. ನೀಲಿಯವನ ಹೆಸರಿಗೆ ನಾನೇ ಬಳಿದ ಮಸಿಯನ್ನು ನಾನೇ ತೊಳೆಯಬೇಕೆಂದು ಕೂತು ಇಡೀ ಸಂಗತಿಯನ್ನು ಗುಂಪಿಗೆ ಬರೆದೆ. ಸೆರಗಿನ ಮಾತು ನಾನು ಕಟ್ಟಿದ ಸುಳ್ಳು ಎಂದೂ ಬರೆದೆ.

ಆಮೇಲೆ ಶುರುವಾಯಿತು. “ನೋಡ್ರಿ, ನಾವು ಹೇಳಿದ್ದಿಲ್ಲೇನು, ನೀಲಿಯವಂದೇ ಉಸಿರು!” ಎಂದು ಒಬ್ಬ. “ಹಂಗಾದ್ರ ಕೆಂಪಿನವ ಬಿಟ್ಟಿ ಹೆಸರು ತಗೊಂಡವ” ಎಂದು ಇನ್ನೊಬ್ಬ. “ಜೀವಮಾನೆಲ್ಲ ಇನ್ನೊಬ್ಬರ ಉಸಿರಿನಾಗ ಮೆರೆದ” ಎಂದು ಮೂರನೆಯವ, ಜೊತೆಗೆ ನಗುವ ಗೊಂಬೆ ಬೇರೆ. ಹದಿನೈದು ದಿನದ ಹಿಂದೆ ಮಣ್ಣು ಮಾಡಿದ ಮುದುಕನ ಬಗ್ಗೆ! ಥೂ, ಇವರ ಬಾಯಿಗೆ ಹುಳ ಬೀಳ! ಟಪಟಪ ಬರೆದು ಕಳಿಸಿದೆ. “ಕೋಟು ಕೆಂಪು, ಬಾಜಾ ಕೆಂಪಿನವರದು, ಗೆದ್ದದ್ದೂ ಕೆಂಪೇ. ನೀಲಿಯವರು ದಾರಿ ಬಿಟ್ಟದ್ದು ಸುಳ್ಳೇನು?”

ಕಳಿಸಿದ ಮೇಲೆ ಓದಿದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಣ್ಣ.

“ಇಬ್ಬರೂ ಸತ್ತಾರ” ಎಂದ. “ಇನ್ನ ಯಾರನ್ನ ಸೋಲಿಸ್ತಿ?”

ನಾನು ಏನಾದರೂ ಹೇಳುವ ಮೊದಲೇ ಇಟ್ಟುಬಿಟ್ಟ. ಎರಡು ವರ್ಷದ ಮೇಲೆ ಅಣ್ಣ ನನ್ನ ಜೊತೆ ಆಡಿದ ಮಾತು ಅಷ್ಟೇ.