ಡಿಕ್ಕಿಯಲ್ಲಿ ಉಳಿದ ಕೋಲು

ವಿಶಾಖಪಟ್ಟಣದ ಋಷಿಕೊಂಡದಲ್ಲಿರುವ ನನ್ನ ಮನೆ ಮುಂದೆ, ಹಳೇ ಕಾರು ಮಾರಲೆಂದು ಡಿಕ್ಕಿ ಖಾಲಿ ಮಾಡುತ್ತಿದ್ದೆ. ಸ್ಟೆಪ್ನಿಯ ಹಿಂದಿನಿಂದ ಆ ಊರುಗೋಲು ಹೊರಬಂತು. ತುದಿಯ ರಬ್ಬರು ಸೆಕೆಗೆ ಕರಗಿ ಅಂಟಂಟಾಗಿತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ವಿಜಯವಾಡದ ನಮ್ಮ ಮ್ಯಾನೇಜರ್ ನೆನಪಾದರು...

ಗವರ್ನರ್‌ಪೇಟೆಯ ಬ್ಯಾಂಕಿನಲ್ಲಿ ನಾವಿಬ್ಬರೇ ಕನ್ನಡದವರು. ಅವರು ಧಾರವಾಡದ ಕಡೆಯವರು, ಮಹಾ ಹಟಮಾರಿ. ಎಲ್ಲರೆದುರು ನನ್ನನ್ನು ಬೈದು, ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಕೊಡುವವರು. ಮಂಡಿಯ ಮೇಲಿನ ನೋವನ್ನು ವಾಯು ಎಂದು ತಿಂಗಳುಗಟ್ಟಲೆ ತಳ್ಳಿದರು. ಕೊನೆಗೆ ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ಅದು ಮೂಳೆ ಕ್ಯಾನ್ಸರ್ ಎಂದು ತಿಳಿಯಿತು. ಆದರೂ ಕಾಲು ಉಳಿಯುವಂತಿತ್ತು. ಕೆಟ್ಟ ಮೂಳೆ ತೆಗೆದು, ಅವರದೇ ಅಳತೆಗೆ ಮಾಡಿಸಿದ ಲೋಹದ ಮೂಳೆ ಕೂಡಿಸುತ್ತಾರಂತೆ. ಸ್ಕ್ಯಾನ್ ಮಾಡಿ ಅಳತೆ ತೆಗೆದದ್ದೂ ಆಯಿತು. ಅದು ತಯಾರಾಗುವವರೆಗೆ ಆ ಕಾಲಿನ ಮೇಲೆ ಭಾರ ಬೀಳಕೂಡದು, ಮೂಳೆ ಮುರಿದರೆ ರೋಗ ಸುತ್ತಲೂ ಹರಡಿ ಕಾಲನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು.

ಆ ನಡುವೆಯೇ ಅವರ ಮಗಳ ಮದುವೆ, ತೆಲುಗು ಹುಡುಗನ ಜತೆ, ವಿಜಯವಾಡದ ಭವಾನಿಪುರಂನಲ್ಲಿ. ಕ್ಯಾನ್ಸರ್ ಎಂದರೆ ಸಂಬಂಧ ಮುರಿದೀತೆಂದು ಬೀಗರಿಗೆ ತಿಳಿಸಿರಲಿಲ್ಲ. ಕಲ್ಯಾಣ ಮಂಟಪದ ಬಾಗಿಲಲ್ಲಿ ಕೋಲನ್ನು ನನ್ನ ಕೈಗೆ ಕೊಟ್ಟರು.

"ಇದನ್ನ ನಿನ್ನ ಕಾರಿನ್ಯಾಗ ಮುಚ್ಚಿಡಪಾ. ಬೀಗರ ಕಣ್ಣಿಗೆ ಬೀಳಬಾರದು."

"ಸರ್, ಡಾಕ್ಟರು..."

"ಅಳಿಯನ ಕಾಲು ತೊಳಿಯೂದು ಹುಡುಗಿ ಅಪ್ಪನ ಕೆಲಸ. ಒಂದು ತಾಸಿನ ಮಾತು."

ನಾನು ಹೇಡಿ. ಕೋಲನ್ನು ಡಿಕ್ಕಿಗೆ ಹಾಕಿ ಬೀಗ ತಿರುಗಿಸಿದೆ.

ಅವರು ಬಗ್ಗಿ ಅಳಿಯನ ಪಾದ ತೊಳೆದರು. ಏಳುವಾಗ ಆ ಕಾಲನ್ನೇ ಊರಿದರು. ಒಣ ಕಟ್ಟಿಗೆ ಮುರಿದಂಥ ಸದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ವಾಲಗದವರು ಏನೂ ತಿಳಿಯದೆ ಇನ್ನಷ್ಟು ಜೋರಾಗಿ ಊದಿದರು.

ಅಂದು ಸಂಜೆ ಆಸ್ಪತ್ರೆಯ ವರಾಂಡದಲ್ಲಿ ಬೀಗರು ನನ್ನನ್ನು ತೆಲುಗಿನಲ್ಲಿ ಕೇಳಿದರು. "ನಾವೇನು ಮನುಷ್ಯರಲ್ಲವಾ ಸ್ವಾಮಿ? ಒಂದು ಮಾತು ಹೇಳಿದ್ದರೆ ಕುರ್ಚಿ ಹಾಕಿಸುತ್ತಿದ್ದೆವು."



ವಿಶಾಖಪಟ್ಟಣದಲ್ಲಿ ತೊಡೆಯಿಂದಲೇ ಕಾಲು ತೆಗೆದರು. ಅದಾದ ವಾರಕ್ಕೆ ಲೋಹದ ಮೂಳೆ ತಯಾರಾಗಿ ಬಂತು. ಅವರ ಅಳತೆಯದು, ಇನ್ನೊಬ್ಬರಿಗೆ ಹೊಂದುವಂಥದಲ್ಲ. ಕೋಲು ಹಿಂದಿರುಗಿಸಲು ಹೋದಾಗ, "ಯಾವ ಕಾಲಿಗೋ ತಮ್ಮಾ?" ಎಂದು ನಕ್ಕರು. ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ವರ್ಷ ತುಂಬುವ ಮೊದಲೇ ರೋಗ ಶ್ವಾಸಕೋಶಕ್ಕೆ ಏರಿತು, ಅವರು ತೀರಿಹೋದರು...

ಕಾರು ಕೊಳ್ಳಲು ಬಂದವನು ಕೋಲನ್ನು ತಿರುಗಿಸಿ ನೋಡಿದ. "ಇದು ಯಾರದ್ದು ಸಾರ್?"

"ನನ್ನದೇ" ಎಂದು ಅವನ ಕೈಯಿಂದ ಇಸಿದುಕೊಂಡೆ.