ಒಣಗಿಸುವ ಮಿಷನ್ನೂ ವ್ಯಾನಕ್ಕನ ಸೊಂಟವೂ

ವ್ಯಾನಕ್ಕ ಬಾಗಿಲನ್ನು ಕೈಯಿಂದ ಮುಚ್ಚಿದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿಲ್ಲ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಅವಳ ವ್ಯಾನಿನ ಬಾಗಿಲು ಮಹಾ ಮೊಂಡು. ಸೊಂಟದಿಂದ ಒಂದು ಗುದ್ದು ಬಿದ್ದರೇ ಕೂರುವುದು. ಆ ಅಭ್ಯಾಸ ಮನೆಗೂ ಬಂದಿತ್ತು. ಬೀರು, ಫ್ರಿಜ್ಜು, ಡ್ರಾಯರು, ಎಲ್ಲಕ್ಕೂ ಸೊಂಟದ್ದೇ ಸತ್ಕಾರ. ಸಿಟ್ಟು ಬಂದ ದಿನ ಗುದ್ದು ಇನ್ನೂ ಜೋರು.

ಈಗಂತೂ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಅತ್ತೆ ಬಿದ್ದು ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದರು, ಬೆನ್ನಿನಲ್ಲಿ ಹುಣ್ಣಾಗಿತ್ತು. ಬೆಡ್‌ಶೀಟಿನಲ್ಲಿ ಚೂರು ಪಸೆಯಿದ್ದರೂ ಅದು ಮಾಯುವುದಿಲ್ಲ, ಇನ್ನೂ ಕೆಟ್ಟರೆ ಆಸ್ಪತ್ರೆಗೆ ಸೇರಿಸಬೇಕು ಎಂದು ನರ್ಸು ಹೇಳಿದ್ದಳು. ಆಸ್ಪತ್ರೆ ಎಂದರೆ ಅತ್ತೆಗೆ ಜೀವವೇ ಹೋಗುತ್ತಿತ್ತು. ಆದರೆ ಬಟ್ಟೆ ಒಣಗಿಸುವ ಮಿಷನ್ನು ಒಮ್ಮೆ ಚೆನ್ನಾಗಿ ಕಾಯುತ್ತಿತ್ತು, ಇನ್ನೊಮ್ಮೆ ತಣ್ಣಗೆ ಗಿರಗಿರ ತಿರುಗಿ ಹಸಿ ಬಟ್ಟೆಯನ್ನೇ ಕೊಡುತ್ತಿತ್ತು.

ಮೆಕ್ಯಾನಿಕ್ ಬರುವ ಮುಂಚೆ, ಪಾಪ ಅವನಿಗೆ ಕೆಲಸ ಮಾಡಲು ಜಾಗ ಬೇಕಲ್ಲ ಎಂದು, ವ್ಯಾನಕ್ಕ ಮಿಷನ್ನನ್ನು ಗೋಡೆಯಿಂದ ಈಚೆಗೆ ಎಳೆದು, ಹಿಂದಿನ ಧೂಳು ಗುಡಿಸಿ ಇಡುತ್ತಿದ್ದಳು. ಅವನು ಸ್ವಿಚ್ಚು ಒತ್ತಿದ್ದೇ ತಡ, ಆ ಕಳ್ಳ ಮಿಷನ್ನು ಚೆನ್ನಾಗಿ ಕಾದು, ಮಾವನ ಮುಂದೆ ಕೂತ ಹೊಸ ಅಳಿಯನ ಹಾಗೆ ನಡೆದುಕೊಳ್ಳುತ್ತಿತ್ತು. ಹೀಟರು ನೋಡಿದ, ವೈರು ಎಳೆದು ನೋಡಿದ, ಜಾಲರಿಗೆ ಅಂಟಿದ ನೂಲಿನ ಪುಡಿ ಕೊಡವಿದ. ಎರಡನೇ ಸಲ ಬಂದಾಗಲೂ ಅದೇ ಕಥೆ. ಮಿಷನ್ನಿಗೇನೂ ಆಗಿಲ್ಲ, ನೀವೇ ಬಟ್ಟೆ ಜಾಸ್ತಿ ತುಂಬುತ್ತೀರಿ ಎಂದು ಹೇಳಿ ಹೊರಟುಬಿಟ್ಟ. ಗಂಡನೂ ಹೌದೆಂದು ತಲೆಯಾಡಿಸಿದ. ಒಂದು ದಿನವೂ ಮಿಷನ್ ಮುಟ್ಟದವನ ತಲೆ ಆಡಿದ್ದನ್ನು ನೋಡಿ ವ್ಯಾನಕ್ಕನಿಗೆ ಮೈಯೆಲ್ಲ ಉರಿಯಿತು. ಇಬ್ಬರಿಗೂ ಸೇರಬೇಕಾದ ಗುದ್ದನ್ನು ಮಿಷನ್ನಿಗೇ ಕೊಟ್ಟು ಅದನ್ನು ಗೋಡೆಗೆ ಸೇರಿಸಿದಳು.

ಸಂಜೆ ಬೆಡ್‌ಶೀಟು ಮತ್ತೆ ಹಸಿ. ಅದನ್ನು ಹಿಡಿದುಕೊಂಡು ಅತ್ತೆಯ ಕೋಣೆಯಲ್ಲಿ ನಿಂತು ಮೆಕ್ಯಾನಿಕ್ಕನ ವಂಶವನ್ನೇ ಬೈಯತೊಡಗಿದಳು. ಅತ್ತೆ, ಆಚೆ ಬದಿಗೆ ಮಿಷನ್ನಿದ್ದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಅವನನ್ನ ಬೈಬೇಡಮ್ಮ. ನಾನು ಆಸ್ಪತ್ರೆಗೇ ಹೋಗ್ತೀನಿ. ನನ್ನ ಮೇಲಿನ ಸಿಟ್ಟನ್ನ ನೀನು ಆ ಮಿಷನ್ ಮೇಲೆ ತೀರಿಸ್ಕೋತೀಯ. ನೀನು ಗುದ್ದಿದಾಗೆಲ್ಲ ಈ ಗೋಡೆ ಅದುರುತ್ತೆ. ಗುದ್ದಿದ ದಿನವೇ ಬಟ್ಟೆ ಹಸಿ ಇರೋದು."

ವ್ಯಾನಕ್ಕ ಬೆಡ್‌ಶೀಟನ್ನು ಹೆಗಲಿಗೆ ಹಾಕಿಕೊಂಡಳು. ಹೋಗಿ ಮಿಷನ್ನನ್ನು ಎಳೆದು ಹಿಂದೆ ಬಗ್ಗಿ ನೋಡಿದಳು. ಬಿಸಿಗಾಳಿ ಹೊರಗೆ ಹೋಗುವ ಪೈಪು ಗೋಡೆಗೂ ಮಿಷನ್ನಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಗಾಳಿಗೆ ದಾರಿಯಿಲ್ಲದೆ ಮಿಷನ್ನು ತನ್ನ ಕಾವನ್ನು ತಾನೇ ನಿಲ್ಲಿಸಿಕೊಳ್ಳುತ್ತಿತ್ತು; ಮೆಕ್ಯಾನಿಕ್ಕನಿಗೆಂದು ಅವಳೇ ಈಚೆಗೆ ಎಳೆದರೆ, ಇಲ್ಲವೇ ತಿರುಗುತ್ತಾ ಅದುರಿ ಒಂದಿಷ್ಟು ಮುಂದೆ ಸರಿದರೆ ಮತ್ತೆ ಕಾಯುತ್ತಿತ್ತು. ಪೈಪು ನೆಟ್ಟಗೆ ಮಾಡಿ, ಗೇಣಗಲ ಜಾಗ ಬಿಟ್ಟು, ಬೆಡ್‌ಶೀಟನ್ನು ಮತ್ತೆ ಹಾಕಿದಳು. ಈ ಸಲ ಕೈ ಸುಡುವಷ್ಟು ಬಿಸಿಯಾಗಿ ಬಂತು.

ಆದರೂ ಅವಳ ಸಿಟ್ಟು ಇಳಿಯಲಿಲ್ಲ, ಏರಿತು. ಅತ್ತೆಯನ್ನು ಮೆಲ್ಲಗೆ ಹೊರಳಿಸಿ ಬೆಡ್‌ಶೀಟು ಹಾಸುತ್ತಲೇ ಬೈದಳು. "ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡು ಮಲಗಿದ್ರಾ? ಬಾಯಿಗೇನಾಗಿತ್ತು ನಿಮಗೆ? ನಿಮ್ಮ ಮೇಲೆ ಸಿಟ್ಟಿದ್ರೆ ನಿಮ್ಮ ಮುಖಕ್ಕೇ ಹೇಳ್ತೀನಿ, ಯಾವತ್ತಾದ್ರೂ ಬಿಟ್ಟಿದೀನಾ?"

"ಇಲ್ಲ," ಎಂದರು ಅತ್ತೆ, ಬೆಚ್ಚನೆಯ ಬಟ್ಟೆಯನ್ನು ಅಂಗೈಯಿಂದ ಸವರುತ್ತಾ.

ಹೊರಗೆ ಬರುವಾಗ ಬಾಗಿಲಿಗೆ ಸೊಂಟ ತಾನಾಗಿಯೇ ತಿರುಗಿತು. ವ್ಯಾನಕ್ಕ ತಡೆದು ನಿಂತು, ಚಿಲಕ ಹಿಡಿದು, ಸದ್ದಾಗದ ಹಾಗೆ ಕೈಯಿಂದ ಎಳೆದುಕೊಂಡಳು. ಉಳಿದ ಸಿಟ್ಟಿಗೆ ಹಜಾರದಲ್ಲಿ ಗಂಡ ಕೂತಿದ್ದ.