ಬಾಳವ್ವನ ತಂಬಿಗೆಯ ಗಂಜಿ

ಹೌಸಾಬಾಯಿ ಗಡಹಿಂಗ್ಲಜ ಕಡೆಯವಳು. ಗಂಡ ತೀರಿಕೊಂಡ ಮೇಲೆ ಇಚಲಕರಂಜಿಗೆ ಬಂದು ನಮ್ಮ ಪಾವರ್‌ಲೂಮ್ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಭಾನುವಾರ ನಾವಿಬ್ಬರೂ ಒಂದೇ ಚರ್ಚಿಗೆ ಹೋಗುವವರು. ಕ್ರೈಸ್ತರಾಗಿ ಎರಡು ತಲೆಮಾರಾದರೂ ಊರಿನ ಕಣ್ಣಿಗೆ ನಾವು ಹಳೆಯ ಕೇರಿಯವರೇ. ಅದಕ್ಕೆ ನಾನು ಸಿಡಿಮಿಡಿಗೊಳ್ಳುತ್ತಿದ್ದೆ, ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

೧೯೬೨ರ ಮಳೆಗಾಲದಲ್ಲಿ, ನನ್ನ ಮಗ್ಗವನ್ನೇ ಇನ್ನೊಂದು ಪಾಳಿಯಲ್ಲಿ ನಡೆಸುತ್ತಿದ್ದ ಯಲಗೂರಪ್ಪ ರಕ್ತ ಕಾರತೊಡಗಿದ. ಕ್ಷಯ. ಲಾಳಿಯ ತೂತಿಗೆ ಬಾಯಿ ಹಚ್ಚಿ ನೂಲನ್ನು ಹೀರಿ ಎಳೆಯುವುದು ನಮ್ಮ ಕೆಲಸದ ರೀತಿ. ನಾನು ಹೀರಿದ ಲಾಳಿಯನ್ನೇ ಅವನೂ ಹೀರುತ್ತಿದ್ದ. ಆ ಎಂಜಲಿಗೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ.

ಅವನ ಕೆಲಸ ಹೋಯಿತು. ಹೆಂಡತಿ ಇಲ್ಲದವನು, ಒಬ್ಬಳೇ ಮಗಳು ಊರಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದಳು, ಮದುವೆ ಗೊತ್ತಾಗಿತ್ತು. ಹಸಿದು ಖೋಲಿಯಲ್ಲಿ ಬಿದ್ದಿದ್ದವನಿಗೆ ಹೌಸಾಬಾಯಿ ಗಂಜಿ ಒಯ್ದಳು. ನಿಮ್ಮ ಕೈಯದು ಬೇಡ ಎಂದು ಅವನು ಗೋಡೆಗೆ ಮುಖ ಮಾಡಿದ. ನಾನಾಗಿದ್ದರೆ ಪಾತ್ರೆ ಕುಕ್ಕಿ ಬರುತ್ತಿದ್ದೆ. ಅವಳು ಹೋಗಿ ಪಕ್ಕದ ಖೋಲಿಯ ಬಾಳವ್ವನ ಕೈಕಾಲು ಹಿಡಿದಳು. ಬಾಳವ್ವ ಅವನ ಜಾತಿಯವಳು. ಅಂದಿನಿಂದ ಹೌಸಾಬಾಯಿ ಕಾಸಿದ ಗಂಜಿ ಬಾಳವ್ವನ ತಂಬಿಗೆಗೆ ಬಿದ್ದು, ಬಾಳವ್ವನದೇ ಎಂಬಂತೆ ಅವನ ಹೊಟ್ಟೆ ಸೇರಿತು. ಎರಡು ತಿಂಗಳಿಗೆ ಅವನು ಗೋಡೆ ಹಿಡಿದು ಹೊಸ್ತಿಲಿಗೆ ಬಂದು ಕೂರುವಷ್ಟಾದ.

ದೇವರು ಮಾಡಿದ ಉಪಕಾರವನ್ನು ಚರ್ಚಿನಲ್ಲಿ ಎದ್ದು ನಿಂತು ಹೇಳುವ ರೂಢಿ ನಮ್ಮದು, ಸಾಕ್ಷಿ ಎನ್ನುತ್ತೇವೆ. ಒಂದು ಭಾನುವಾರ ಹೌಸಾಬಾಯಿ ಎದ್ದಳು. ಯಲಗೂರಪ್ಪನಿಗಾಗಿ ಪ್ರಾರ್ಥಿಸಿ ಎಂದು, ಗಂಜಿಯ ಸಂಗತಿಯನ್ನೆಲ್ಲ ಹೇಳಿ ಅತ್ತಳು. ನನ್ನ ಎದೆ ಉಬ್ಬಿತು. ಸೋಮವಾರ ಶೆಡ್ಡಿನಲ್ಲಿ, ನಮ್ಮ ದೇವರ ಪ್ರೀತಿ ಎಂಥದು ನೋಡಿ ಎಂದು ಅವನ ಜಾತಿಯವರ ಮುಂದೆಯೇ ಜಂಬ ಕೊಚ್ಚಿದೆ.

ಸಂಜೆಯೊಳಗೆ ಅವರು ಬಾಳವ್ವನ ಬಾಗಿಲಲ್ಲಿದ್ದರು. ತಂಬಿಗೆ ನಿಂತಿತು. ಇನ್ನು ಆ ಗಂಜಿ ಮುಟ್ಟಿದರೆ ಮಗಳ ಮದುವೆ ಮುರಿಯುತ್ತೇವೆ ಎಂದು ಯಲಗೂರಪ್ಪನಿಗೂ ಹೇಳಿ ಹೋದರು. ತಾವು ಉಣಿಸುತ್ತೇವೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಮರುದಿನ ಹೌಸಾಬಾಯಿ ತಾನೇ ಗಂಜಿ ಹಿಡಿದು ಹೋದಳು, ಜೊತೆಗೆ ನಾನೂ ಹೋದೆ. ಅವನು ಪಾತ್ರೆಯನ್ನೇ ನೋಡುತ್ತ ಮೆಲ್ಲಗೆ ಅಂದ:

“ನಿನ್ನ ಗಂಜಿ ಅಂತ ನನಗ ಮೊದಲಿಂದನೂ ಗೊತ್ತಿತ್ತವ್ವಾ. ಗೊತ್ತಿದ್ದ ಉಂಡೇನಿ. ಈಗ ಮಂದೀಗಿ ಗೊತ್ತಾಗೇತಿ, ಹೆಂಗ ಉಣ್ಣಲಿ? ಯಾಕ ಹೇಳಿದಿ?”

“ತಪ್ಪಾತೋ ತಮ್ಮಾ,” ಎಂದಳು.

ಶೆಡ್ಡಿನಲ್ಲಿ ಬಾಯಿಬಿಟ್ಟವನು ಯಾರೆಂದು ಅವಳಿಗೆ ಗೊತ್ತಿತ್ತು. ನನ್ನತ್ತ ತಿರುಗಿಯೂ ನೋಡಲಿಲ್ಲ.

ಹದಿನೈದು ದಿನ ಅವಳು ಗಂಜಿ ಒಯ್ದಳು, ಹಾಗೇ ವಾಪಸು ತಂದಳು. ಯಾರಾದರೂ ಇಟ್ಟರೆ ಅವನಿಗೆ ಒಂದು ತುತ್ತು, ಇಲ್ಲವಾದರೆ ನೀರು. ಹದಿನಾರನೆಯ ದಿನ ಯಲಗೂರಪ್ಪ ಹಸಿದೇ ಸತ್ತ. ಹೆಣ ಎತ್ತಲು ಅವನ ಜಾತಿಯವರು ಎಷ್ಟು ಮಂದಿ ಬಂದರೆಂದರೆ, ಓಣಿಯಲ್ಲಿ ನಿಲ್ಲಲು ಜಾಗ ಸಾಲಲಿಲ್ಲ.